ವಿಮ್‌ಗೆ ಎರಡು ಸಾಲು ಸೇರಿಸಿದೆ: ಬಣ್ಣ ಹೋಯಿತು, ಇಂಡೆಂಟ್ ಕೆಟ್ಟಿತು, ಸೆಲೆಕ್ಷನ್‌ನಲ್ಲಿ ನಂಬರ್ ಬರುತ್ತಿದೆ

ಲ್ಯಾಬ್‌ಮೇಷ್ಟ್ರು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಹಾವೇರಿ ಕಡೆಯ ಒಂದು ಪಾಲಿಟೆಕ್ನಿಕ್‌ನಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತೇನೆ. 24 ಮಷೀನುಗಳಿವೆ, ಎಲ್ಲದರಲ್ಲೂ ಡೆಬಿಯನ್ 12 ಲಿನಕ್ಸ್. ಬೆಳಿಗ್ಗೆ ಸಿ ಲ್ಯಾಬ್, ಮಧ್ಯಾಹ್ನ ಪೈಥಾನ್ ಲ್ಯಾಬ್. ಎಡಿಟರ್ ವಿಮ್. ಯಾಕೆ ವಿಮ್ ಅಂತ ಕೇಳಬೇಡಿ, ನನಗಿಂತ ಮೊದಲು ಇದ್ದವರು ಹಾಕಿಹೋದದ್ದು, ಈಗ ನನಗೂ ಅದೇ ರೂಢಿ.

ಹೋದ ವಾರ ಮ್ಯಾಟ್ರಿಕ್ಸ್ ಗುಣಾಕಾರ ಹೇಳಿಕೊಡುತ್ತಿದ್ದೆ. ಒಂದರೊಳಗೆ ಒಂದು ಮೂರು ಫಾರ್ ಲೂಪ್. ಹಿಂದಿನ ಬೆಂಚಿನವರಿಗೆ ಕಾಣಲಿ ಅಂತ ಅಕ್ಷರ ದೊಡ್ಡದು ಮಾಡಿದ್ದೆ. ಟ್ಯಾಬ್ ಅಗಲ ಜಾಸ್ತಿ ಇದ್ದುದರಿಂದ ಒಳಗಿನ ಸಾಲು ಪ್ರೊಜೆಕ್ಟರ್ ಪರದೆಯ ಬಲ ಅಂಚಿಗೆ ಹೋಗಿ ಮಡಚಿಕೊಂಡಿತು. ಹುಡುಗರು ನಕ್ಕರು. ಮನೆಗೆ ಬಂದು ಹುಡುಕಿ ಡಾಟ್ ವಿಮ್‌ಆರ್‌ಸಿ ಅನ್ನುವ ಸೆಟ್ಟಿಂಗ್ ಫೈಲ್ ಮಾಡಿದೆ. ಅದರಲ್ಲಿ ಎರಡೇ ಸಾಲು:

ಸೆಟ್ ಟ್ಯಾಬ್‌ಸ್ಟಾಪ್=4
ಸೆಟ್ ನಂಬರ್

ಎರಡನೆಯದು, "ಹದಿನಾಲ್ಕನೇ ಸಾಲು ನೋಡ್ರೋ" ಅನ್ನೋಕೆ ಅನುಕೂಲ ಅಂತ. ಪೆನ್‌ಡ್ರೈವ್ ಹಿಡಿದು ಎಲ್ಲ ಮಷೀನಿಗೂ ಹಾಕಿದೆ. ಪರದೆ ಚೆನ್ನಾಗಿ ಕಂಡಿತು. ಮಾರನೇ ದಿನದಿಂದ ಶುರುವಾಯಿತು ನೋಡಿ.

ಒಂದು, ಬಣ್ಣ ಮಾಯ. ಮೊದಲು ಇಫ್, ವೈಲ್ ಎಲ್ಲ ಬಣ್ಣದಲ್ಲಿ ಬರುತ್ತಿತ್ತು. ಈಗ ಎಲ್ಲ ಒಂದೇ ಬಿಳಿ.

ಎರಡು, ಮೌಸ್‌ನಲ್ಲಿ ಎಳೆದು ಕಾಪಿ ಮಾಡಿದರೆ ಸಾಲಿನ ನಂಬರೂ ಜೊತೆಗೆ ಬರುತ್ತದೆ. ಒಬ್ಬ ಹುಡುಗಿ ಹಾಗೇ ಇನ್ನೊಂದು ಫೈಲಿಗೆ ಪೇಸ್ಟ್ ಮಾಡಿ ಕಂಪೈಲ್ ಮಾಡಿದಳು. ಎರರ್ ಒಂದು ಪುಟ ಬಂತು. ಮೊದಲು ಮೌಸ್ ಎಳೆದರೆ ವಿಮ್ ಒಳಗೇ ಸೆಲೆಕ್ಟ್ ಆಗುತ್ತಿತ್ತು ಅಂತ ನೆನಪು.

ಮೂರು, ಪೈಥಾನ್. ಹಿಂದಿನ ವಾರ ಅರ್ಧ ಬರೆದಿದ್ದ ಹಾಜರಾತಿ ಪ್ರೋಗ್ರಾಂ ಮುಂದುವರಿಸಿದರು. ಮುಕ್ಕಾಲು ಕ್ಲಾಸಿಗೆ ಟ್ಯಾಬ್‌ಎರರ್. ಪರದೆ ಮೇಲೆ ಸ್ಕೇಲ್ ಇಟ್ಟು ನೋಡಿದೆ, ಸುಳ್ಳಲ್ಲ, ನಿಜವಾಗಿ ಸ್ಕೇಲ್ ಇಟ್ಟೆ. ಸಾಲುಗಳು ನೆಟ್ಟಗೇ ಇವೆ!

ನಾಲ್ಕು, ಸೆಲೆಕ್ಟ್ ಮಾಡಿ ಬಲಕ್ಕೆ ತಳ್ಳುವ > ಗುರುತು ಒತ್ತಿದರೆ ಒಂದು ಹೆಜ್ಜೆ ಬದಲು ಎರಡು ಹೆಜ್ಜೆ ಹೋಗುತ್ತದೆ.

ಇನ್ನೊಂದು ವಿಚಿತ್ರ. ಐದು ಮಷೀನುಗಳಲ್ಲಿ ಬಣ್ಣ ಮೊದಲಿಂದಲೂ ಇರಲಿಲ್ಲ. ಅಲ್ಲಿ 'ಸಿಂಟ್ಯಾಕ್ಸ್ ಆನ್' ಅಂತ ಹೊಡೆದರೆ "ಸಾರಿ" ಅನ್ನುತ್ತದೆ ವಿಮ್. ಕ್ಷಮೆ ಕೇಳುವ ಸಾಫ್ಟ್‌ವೇರ್ ಇದೇ ಮೊದಲು ನೋಡಿದ್ದು.

ಟ್ಯಾಬ್ ಅಗಲಕ್ಕೂ ಬಣ್ಣಕ್ಕೂ ಏನು ಸಂಬಂಧ? ಸೋಮವಾರ ಇಂಟರ್ನಲ್ಸ್ ಇದೆ.

---

ಬೈಟ್‌ಬಸವ:

ಸರ್, ವಿಎಸ್ ಕೋಡ್ ಹಾಕಿಬಿಡಿ. ಕೆಳಗಿನ ಪಟ್ಟಿಯಲ್ಲಿ ಸ್ಪೇಸಸ್ 4 ಅಂತ ಬರೆದಿರುತ್ತೆ. ಅದರ ಮೇಲೆ ಕ್ಲಿಕ್ ಮಾಡಿದ್ರೆ ಟ್ಯಾಬ್‌ನ ಸ್ಪೇಸ್ ಮಾಡೋದು, ಸ್ಪೇಸ್‌ನ ಟ್ಯಾಬ್ ಮಾಡೋದು ಎಲ್ಲ ಸಿಗುತ್ತೆ. 2025ರಲ್ಲಿ ವಿಮ್ ಯಾಕೆ ಸರ್?

ಲ್ಯಾಬ್‌ಮೇಷ್ಟ್ರು:

4 ಜಿಬಿ ರ್‍ಯಾಮ್ ಮಷೀನು ಕಣಪ್ಪಾ. ಬ್ರೌಸರ್‌ನಲ್ಲಿ ಎರಡು ಟ್ಯಾಬ್ ತೆಗೆದರೆ ಫ್ಯಾನ್ ಸದ್ದಿಗೆ ಪಾಠ ಕೇಳಿಸಲ್ಲ.

---

ಹಳೇಕೀಬೋರ್ಡ್:

ಮೇಷ್ಟ್ರೇ, ಟ್ಯಾಬ್ ಅಗಲಕ್ಕೂ ಬಣ್ಣಕ್ಕೂ ಸಂಬಂಧ ಇಲ್ಲ. ನೀವು ಬರೆದ ಸಾಲುಗಳಲ್ಲಿ ತಪ್ಪೂ ಇಲ್ಲ. ಆ ಫೈಲ್ ಹುಟ್ಟಿದ್ದೇ ಸಮಸ್ಯೆ. ಅದು ಖಾಲಿ ಇದ್ದಿದ್ದರೂ ನಿಮ್ಮ ಬಣ್ಣ ಹೋಗುತ್ತಿತ್ತು.

2016ರಲ್ಲಿ ವಿಮ್ 8 ಬಂತು. ಆಗಿನಿಂದ ವಿಮ್ ಜೊತೆ ಡಿಫಾಲ್ಟ್ಸ್.ವಿಮ್ ಅಂತ ಒಂದು ಫೈಲ್ ಬರುತ್ತದೆ. ಹೊಸಬರಿಗೆ ಕಷ್ಟ ಆಗಬಾರದು ಅಂತ ಬಣ್ಣ ಹಚ್ಚುವುದು, ಫೈಲ್ ಯಾವ ಭಾಷೆಯದು ಅಂತ ಗುರುತಿಸುವುದು, ಮೌಸ್ ಹಿಡಿಯುವುದು, ಇವೆಲ್ಲ ಅದರಲ್ಲಿವೆ. ಆದರೆ ಒಂದು ಷರತ್ತು ಇದೆ. ನಿಮ್ಮದೇ ವಿಮ್‌ಆರ್‌ಸಿ ಇಲ್ಲದಿದ್ದರೆ ಮಾತ್ರ ವಿಮ್ ಅದನ್ನು ಓದುತ್ತದೆ. ನಿಮ್ಮ ಫೈಲ್ ಕಂಡ ತಕ್ಷಣ "ಓಹೋ, ಇವರಿಗೆ ಎಲ್ಲ ಗೊತ್ತು" ಅಂತ ಅದನ್ನು ಪಕ್ಕಕ್ಕಿಡುತ್ತದೆ. ನೀವು ಎರಡು ಸಾಲು ಸೇರಿಸಿದಿರಿ ಅಂದುಕೊಂಡಿರಿ. ಅದು ಒಂದು ಇಡೀ ಫೈಲನ್ನು ಕಳೆಯಿತು.

ನಂಬಿಕೆ ಬರದಿದ್ದರೆ ವಿಮ್ ಒಳಗೆ ಕೋಲನ್ ಒತ್ತಿ 'ಸ್ಕ್ರಿಪ್ಟ್‌ನೇಮ್ಸ್' ಅಂತ ಕೊಡಿ. ಓದಿದ ಫೈಲುಗಳ ಪಟ್ಟಿ ಬರುತ್ತದೆ. ಅದರಲ್ಲಿ ಡಿಫಾಲ್ಟ್ಸ್ ಇರುವುದಿಲ್ಲ.

ಈಗ ನಿಮ್ಮ ತೊಂದರೆಗಳನ್ನು ಒಂದೊಂದಾಗಿ ನೋಡಿ.

ಮೊದಲು ಪೈಥಾನ್ ಫೈಲ್ ತೆಗೆದಾಗ ವಿಮ್ ಅದನ್ನು ಗುರುತಿಸಿ, ಪೈಥಾನ್‌ಗೆ ಅಂತಲೇ ಇರುವ ಪ್ಲಗಿನ್ (ಆ ಭಾಷೆಯ ಸೆಟ್ಟಿಂಗ್‌ಗಳ ಫೈಲ್) ಓದುತ್ತಿತ್ತು. ಆ ಪ್ಲಗಿನ್ ಎಕ್ಸ್‌ಪ್ಯಾಂಡ್‌ಟ್ಯಾಬ್ ಹಾಕುತ್ತದೆ. ಅಂದರೆ ಹುಡುಗರು ಟ್ಯಾಬ್ ಕೀ ಒತ್ತಿದರೂ ಫೈಲಿಗೆ ಹೋಗುತ್ತಿದ್ದದ್ದು 4 ಸ್ಪೇಸ್. ಹೋದ ವಾರದ ಅರ್ಧ ಪ್ರೋಗ್ರಾಂ ಹಾಗೆ ಬರೆದದ್ದು. ಈ ವಾರ ಪ್ಲಗಿನ್ ಇಲ್ಲ. ಟ್ಯಾಬ್ ಕೀ ಒತ್ತಿದರೆ ನಿಜವಾದ ಟ್ಯಾಬ್ ಬಿತ್ತು. ನಿಮ್ಮ ಟ್ಯಾಬ್‌ಸ್ಟಾಪ್ 4 ಆದ್ದರಿಂದ ಆ ಟ್ಯಾಬೂ ನಾಲ್ಕೇ ಕಾಲಂ ಅಗಲ ಕಂಡಿತು. ಸ್ಕೇಲ್ ಇಟ್ಟರೆ ಏನು ಸಿಗುತ್ತೆ ಹೇಳಿ! ಕಣ್ಣಿಗೆ ಎರಡೂ ಒಂದೇ, ಪೈಥಾನ್‌ಗೆ ಬೇರೆ ಬೇರೆ. ಟ್ಯಾಬ್ ಎಷ್ಟು ಅಗಲ ಅನ್ನುವುದರ ಮೇಲೆ ಪ್ರೋಗ್ರಾಂ ಅರ್ಥ ಬದಲಾಗುವಂತೆ ಬೆರೆಸಿದ್ದರೆ ಪೈಥಾನ್ 3 ಒಪ್ಪುವುದೇ ಇಲ್ಲ. ಪೈಥಾನ್ 2 ಟ್ಯಾಬನ್ನು 8ರ ಲೆಕ್ಕದಲ್ಲಿ ನುಂಗಿಕೊಂಡು ಸುಮ್ನೆ ಓಡುತ್ತಿತ್ತು. ಅದು ಇನ್ನೂ ಅಪಾಯ.

ಎರಡು ಹೆಜ್ಜೆ ಹೋಗುವುದಕ್ಕೆ ಕಾರಣ ಬೇರೆ. ಟ್ಯಾಬ್‌ಸ್ಟಾಪ್ ಅಂದರೆ ಫೈಲಿನಲ್ಲಿರುವ ಟ್ಯಾಬ್ ಎಷ್ಟು ಅಗಲ ಕಾಣಬೇಕು ಅನ್ನುವುದು, ಅಷ್ಟೇ. ಸಾಲುಗಳನ್ನು ತಳ್ಳುವಾಗ ಎಷ್ಟು ತಳ್ಳಬೇಕು ಅನ್ನುವುದು ಶಿಫ್ಟ್‌ವಿಡ್ತ್. ಅದು ತಾನಾಗಿ 8. ನೀವು ಒಂದನ್ನು 4 ಮಾಡಿ ಇನ್ನೊಂದನ್ನು 8ಕ್ಕೇ ಬಿಟ್ಟಿರಿ, ಅದಕ್ಕೇ ಎರಡು ಟ್ಯಾಬ್ ಬೀಳುತ್ತಿವೆ. ಶಿಫ್ಟ್‌ವಿಡ್ತ್ 0 ಮಾಡಿದರೆ ಅದು ಟ್ಯಾಬ್‌ಸ್ಟಾಪ್ ಹೇಳಿದಂತೆ ಕೇಳುತ್ತದೆ. ನಾನು ಹಾಗೇ ಇಟ್ಟಿದ್ದೇನೆ.

ಮೌಸ್‌ದೂ ಡಿಫಾಲ್ಟ್ಸ್ ಕಥೆಯೇ. ಮೊದಲು ವಿಮ್ ಮೌಸ್ ಹಿಡಿದುಕೊಂಡಿತ್ತು. ಎಳೆದರೆ ವಿಮ್‌ನ ವಿಶುವಲ್ ಸೆಲೆಕ್ಷನ್ ಆಗುತ್ತಿತ್ತು, ಸಾಲಿನ ನಂಬರ್ ಅದಕ್ಕೆ ಸೇರುವುದಿಲ್ಲ. ಈಗ ಮೌಸ್ ಟರ್ಮಿನಲ್ (ವಿಮ್ ಓಡುವ ಆಜ್ಞೆಗಳ ಕಿಟಕಿ) ಕೈಯಲ್ಲಿದೆ. ಟರ್ಮಿನಲ್‌ಗೆ ನಂಬರ್ ಯಾವುದು, ಪ್ರೋಗ್ರಾಂ ಯಾವುದು ಗೊತ್ತಿಲ್ಲ. ಪರದೆಯಲ್ಲಿ ಕಂಡದ್ದೆಲ್ಲ ಅದಕ್ಕೆ ಅಕ್ಷರವೇ.

ವಿಮ್‌ಆರ್‌ಸಿಯನ್ನು ಹೀಗೆ ಮಾಡಿ. ಇಲ್ಲಿ ಕನ್ನಡದಲ್ಲೇ ಬರೆಯುತ್ತಿದ್ದೇನೆ, ನೀವು ಇಂಗ್ಲಿಷಿನಲ್ಲಿ ಹೊಡೆಯಿರಿ. ಮೊದಲ ಸಾಲಿನ ವಿಮ್‌ರನ್‌ಟೈಮ್ ಪೂರ್ತಿ ದೊಡ್ಡಕ್ಷರ.

ಸೋರ್ಸ್ $ವಿಮ್‌ರನ್‌ಟೈಮ್/ಡಿಫಾಲ್ಟ್ಸ್.ವಿಮ್
ಸೆಟ್ ನಂಬರ್
ಸೆಟ್ ಟ್ಯಾಬ್‌ಸ್ಟಾಪ್=4
ಸೆಟ್ ಶಿಫ್ಟ್‌ವಿಡ್ತ್=0

ಎಕ್ಸ್‌ಪ್ಯಾಂಡ್‌ಟ್ಯಾಬ್ ನೀವು ಹಾಕಬೇಡಿ. ಪೈಥಾನ್‌ಗೆ ಪ್ಲಗಿನ್ ಹಾಕಿಕೊಳ್ಳುತ್ತದೆ.

ಈಗಾಗಲೇ ಕೆಟ್ಟ ಫೈಲುಗಳ ವಿಷಯ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ನಾನು ಏಟು ತಿಂದ ಜಾಗ ಇದು.

'ರೀಟ್ಯಾಬ್' ಅನ್ನುವ ಆಜ್ಞೆ ಇದೆ. ಎಕ್ಸ್‌ಪ್ಯಾಂಡ್‌ಟ್ಯಾಬ್ ಇದ್ದಾಗ ಅದನ್ನು ಕೊಟ್ಟರೆ ಟ್ಯಾಬ್‌ಗಳೆಲ್ಲ ಸ್ಪೇಸ್ ಆಗುತ್ತವೆ. ಎಷ್ಟು ಸ್ಪೇಸ್? ಆ ಕ್ಷಣದಲ್ಲಿ ಟ್ಯಾಬ್‌ಸ್ಟಾಪ್ ಎಷ್ಟಿದೆಯೋ ಅದರ ಲೆಕ್ಕ. ಹುಡುಗ 4 ಅಗಲ ನೋಡಿಕೊಂಡು ಬರೆದಿದ್ದಾನೆ, ನೀವು 8 ಇಟ್ಟುಕೊಂಡು ರೀಟ್ಯಾಬ್ ಕೊಟ್ಟಿರಿ ಅಂದುಕೊಳ್ಳಿ. ಹೊರಗಿದ್ದ ಸಾಲು ಇಫ್ ಒಳಗೆ ಹೋಗಿ ಕೂತುಬಿಡಬಹುದು. ಎರರ್ ಬಂದರೆ ಅದೃಷ್ಟ. ಬರದೆ ಓಡಿದರೆ ಹಾಜರಾತಿ ತಪ್ಪು ಬರುತ್ತದೆ, ಯಾಕೆ ಅಂತ ಯಾರಿಗೂ ತಿಳಿಯಲ್ಲ. ಆದ್ದರಿಂದ ಮೊದಲು ಟ್ಯಾಬ್‌ಸ್ಟಾಪ್ ಅನ್ನು ಬರೆದವರು ನೋಡಿದ ಅಗಲಕ್ಕೆ ತನ್ನಿ. ಸಾಲು ನೆಟ್ಟಗೆ ಕಾಣುತ್ತವೆಯೇ ನೋಡಿ. ಆಮೇಲೆ ರೀಟ್ಯಾಬ್. ನಿಮ್ಮಲ್ಲಿ ಎಲ್ಲರೂ 4ರಲ್ಲಿ ಬರೆದಿರುವುದರಿಂದ ಈ ಸಲ ಬಚಾವ್.

ಇನ್ನೊಂದು. ರೀಟ್ಯಾಬ್ ಮುಟ್ಟುವುದು ಸಾಲಿನ ಮೊದಲಿನ ಟ್ಯಾಬ್‌ಗಳನ್ನಷ್ಟೇ ಅಲ್ಲ, ಎಲ್ಲ ಟ್ಯಾಬ್‌ಗಳನ್ನೂ ಬದಲಿಸುತ್ತದೆ. ನಾನು ಹಿಂದೆ ಕೆಲಸಕ್ಕಿದ್ದ ಒಂದು ಕಡೆ ಸಂಬಳದ ಪಟ್ಟಿ ಬ್ಯಾಂಕಿಗೆ ಕಳಿಸುವ ಸ್ಕ್ರಿಪ್ಟ್ ಇತ್ತು. ಕಾಲಂ ಬೇರೆ ಮಾಡಲು ಕೋಟ್‌ಗಳ ಮಧ್ಯೆ ಯಾರೋ ನಿಜವಾದ ಟ್ಯಾಬೇ ಒತ್ತಿದ್ದರು. ನಾನು "ಚೊಕ್ಕ ಮಾಡೋಣ" ಅಂತ ರೀಟ್ಯಾಬ್ ಕೊಟ್ಟೆ. ಇಂಡೆಂಟ್ ಚೊಕ್ಕ ಆಯಿತು. ಆ ತಿಂಗಳ ಪಟ್ಟಿಯಲ್ಲಿ ಹೆಸರು, ಖಾತೆ, ಮೊತ್ತ ಎಲ್ಲ ಒಂದೇ ಕಾಲಂನಲ್ಲಿ ಹೋಯಿತು. ಬ್ಯಾಂಕ್ ವಾಪಸ್ ಕಳಿಸಿತು. 31ನೇ ತಾರೀಕು ಸಂಜೆ ಆರು ಗಂಟೆಗೆ ಫೋನ್ ಬಂದದ್ದು ಇನ್ನೂ ಕಿವಿಯಲ್ಲಿದೆ.

ಅದಕ್ಕೇ ನಾನೀಗ ಟರ್ಮಿನಲ್‌ನಲ್ಲಿ 'ಎಕ್ಸ್‌ಪ್ಯಾಂಡ್ -ಐ -ಟಿ 4' ಬಳಸುತ್ತೇನೆ. ಆ ಐ ಇದ್ದರೆ ಸಾಲಿನ ಶುರುವಿನ ಟ್ಯಾಬ್ ಮಾತ್ರ ಬದಲಾಗುತ್ತದೆ. ಉತ್ತರವನ್ನು ಬೇರೆ ಫೈಲಿಗೆ ಕಳಿಸಿ, ಅದೇ ಹೆಸರಿಗೆ ಕಳಿಸಿದರೆ ಫೈಲ್ ಖಾಲಿಯಾಗುತ್ತದೆ.

ಯಾರ ಫೈಲ್ ಕೆಟ್ಟಿದೆ ಅಂತ ಒಂದೊಂದೇ ತೆಗೆದು ನೋಡಬೇಡಿ. ಪೈಥಾನ್ ಜೊತೆಗೇ ಟ್ಯಾಬ್‌ನ್ಯಾನಿ ಅಂತ ಒಂದು ಬರುತ್ತದೆ. 'ಪೈಥಾನ್3 -ಎಂ ಟ್ಯಾಬ್‌ನ್ಯಾನಿ' ಬರೆದು ಪಕ್ಕಕ್ಕೆ ಫೋಲ್ಡರ್ ಹೆಸರು ಕೊಡಿ. ಒಳಗಿನ ಪೈಥಾನ್ ಫೈಲುಗಳನ್ನೆಲ್ಲ ನೋಡಿ, ತಪ್ಪಿರುವ ಫೈಲು, ಸಾಲಿನ ನಂಬರು ಹೇಳುತ್ತದೆ. ವಿಮ್ ಒಳಗೆ ಕಣ್ಣಲ್ಲೇ ನೋಡಬೇಕಾದರೆ 'ಸೆಟ್ ಲಿಸ್ಟ್' ಕೊಡಿ. ಟ್ಯಾಬ್ ಇರುವ ಕಡೆ ಟೋಪಿ ಗುರುತು ಮತ್ತು ದೊಡ್ಡ ಐ ಕಾಣುತ್ತದೆ, ಸ್ಪೇಸ್ ಖಾಲಿಯಾಗೇ ಇರುತ್ತದೆ. ಸ್ಕೇಲ್ ಬೇಡ.

ಆ "ಸಾರಿ" ಮಷೀನುಗಳು: ಅಲ್ಲಿ ಇರುವುದು ವಿಮ್-ಟೈನಿ. ಡೆಬಿಯನ್ ಜೊತೆ ಬರುವ ಪುಟ್ಟ ವಿಮ್ ಅದು, ಬಣ್ಣದ ಭಾಗವೇ ಇಲ್ಲ. 'ವಿಮ್-ಜಿಟಿಕೆ3' ಇನ್‌ಸ್ಟಾಲ್ ಮಾಡಿ. ಬರೀ 'ವಿಮ್' ಪ್ಯಾಕೇಜ್ ಹಾಕಿದರೂ ಬಣ್ಣ ಬರುತ್ತದೆ, ಆದರೆ ಜಿಟಿಕೆ ಇದ್ದರೆ ಸಿಸ್ಟಂ ಕ್ಲಿಪ್‌ಬೋರ್ಡ್ ಕೂಡ ಸಿಗುತ್ತದೆ. ಸೆಲೆಕ್ಟ್ ಮಾಡಿ ಡಬಲ್ ಕೋಟ್, ಪ್ಲಸ್, ವೈ ಒತ್ತಿದರೆ ಬ್ರೌಸರ್‌ನಲ್ಲಿ ಪೇಸ್ಟ್ ಮಾಡಬಹುದು, ನಂಬರ್ ಬರಲ್ಲ.

ನಂಬರ್ ಸಮೇತ ಪೇಸ್ಟ್ ಮಾಡಿದ ಆ ಹುಡುಗಿಗೆ ಹೇಳಿ, ಮತ್ತೆ ಟೈಪ್ ಮಾಡುವುದು ಬೇಡ. ಮೊದಲ ಸಾಲಿನ ಮೊದಲ ಕಾಲಂಗೆ ಹೋಗಿ ಕಂಟ್ರೋಲ್-ವಿ. ಕೊನೆ ಸಾಲಿನ ನಾಲ್ಕನೇ ಕಾಲಂ ತನಕ ಎಳೆದು ಡಿ. ನಂಬರ್ ಪಟ್ಟಿ ಕತ್ತರಿಸಿದ ಹಾಗೆ ಹೋಗುತ್ತದೆ. ಸಣ್ಣ ವಿ ಅಕ್ಷರ ಅಕ್ಷರ ಹಿಡಿಯುತ್ತದೆ, ದೊಡ್ಡ ವಿ ಇಡೀ ಸಾಲು, ಕಂಟ್ರೋಲ್-ವಿ ಕಾಲಂ. ನನ್ನ ಮಟ್ಟಿಗೆ ವಿಮ್ ಕಲಿಯಲು ಆ ಮೂರನೆಯದೊಂದೇ ಸಾಕಷ್ಟು ಕಾರಣ. ಹತ್ತು ಸಾಲಿಗೆ ಒಟ್ಟಿಗೆ ಹ್ಯಾಶ್ ಹಾಕಬೇಕೇ? ಕಂಟ್ರೋಲ್-ವಿ, ಕೆಳಗೆ ಎಳೆದು ದೊಡ್ಡ ಐ, ಹ್ಯಾಶ್, ಎಸ್ಕೇಪ್. ಎಸ್ಕೇಪ್ ಒತ್ತುವ ತನಕ ಒಂದೇ ಸಾಲಿನಲ್ಲಿ ಕಾಣುತ್ತದೆ, ಗಾಬರಿ ಬೇಡ.

ಸಿ ಫೈಲ್ ಪೂರ್ತಿ ಇಂಡೆಂಟ್ ಸರಿಮಾಡಲು ಜಿಜಿ, ಸಮ ಚಿಹ್ನೆ, ದೊಡ್ಡ ಜಿ ಅಂತ ಒತ್ತುವುದನ್ನು ಹುಡುಗರು ಎಲ್ಲಾದರೂ ಕಲಿತಿರುತ್ತಾರೆ. ಪೈಥಾನ್‌ನಲ್ಲಿ ಅದನ್ನು ಒತ್ತಲು ಬಿಡಬೇಡಿ. ಸಿ ಭಾಷೆಯಲ್ಲಿ ಆವರಣ ನೋಡಿ ವಿಮ್ ಲೆಕ್ಕ ಹಾಕುತ್ತದೆ. ಪೈಥಾನ್‌ನಲ್ಲಿ ಇಂಡೆಂಟೇ ಅರ್ಥ, ಅದನ್ನು ಊಹಿಸಲು ವಿಮ್‌ಗೆ ಆಧಾರ ಇಲ್ಲ.

---

ಚುಕ್ಕಿಗೆರೆ:

ಹಳೇಕೀಬೋರ್ಡ್ ಸರ್ ಹೇಳಿದ್ದು ಸರಿ. ಆದರೆ 24 ಮಷೀನಿಗೆ ಪೆನ್‌ಡ್ರೈವ್ ಯಾತ್ರೆ ಯಾಕೆ ಮೇಷ್ಟ್ರೇ? ಡೆಬಿಯನ್‌ನಲ್ಲಿ ಇಟಿಸಿ (ಇಡೀ ಮಷೀನಿನ ಸೆಟ್ಟಿಂಗ್ ಇರುವ ಫೋಲ್ಡರ್) ಒಳಗೆ ವಿಮ್ ಫೋಲ್ಡರ್ ಇದೆ. ಅಲ್ಲಿ ವಿಮ್‌ಆರ್‌ಸಿ.ಲೋಕಲ್ ಅಂತ ಫೈಲ್ ಮಾಡಿ ನಿಮ್ಮ ಸಾಲು ಅಲ್ಲಿ ಹಾಕಿ, ಹುಡುಗರ ಹೋಂನಲ್ಲಿರುವ ವಿಮ್‌ಆರ್‌ಸಿ ಅಳಿಸಿ. ಆಗ ಡಿಫಾಲ್ಟ್ಸ್ ತಾನಾಗೇ ಬರುತ್ತದೆ. ಒಂದು ಎಚ್ಚರ: ಡಿಫಾಲ್ಟ್ಸ್ ಆಮೇಲೆ ಓದುವುದರಿಂದ, ಅದರಲ್ಲೂ ಇರುವ ಮೌಸ್‌ನಂಥ ಸೆಟ್ಟಿಂಗ್ ನೀವು ಬದಲಿಸಿದ್ದರೆ ಅದು ಮತ್ತೆ ತನ್ನದೇ ಹಾಕುತ್ತದೆ. ನಂಬರಿಗೆ, ಟ್ಯಾಬ್ ಅಗಲಕ್ಕೆ ತೊಂದರೆ ಇಲ್ಲ.

ಮುಂದೆ ಯಾವ ಸೆಟ್ಟಿಂಗ್ ಎಲ್ಲಿಂದ ಬಂತು ಅಂತ ಅನುಮಾನ ಬಂದರೆ 'ವರ್ಬೋಸ್ ಸೆಟ್ ಎಕ್ಸ್‌ಪ್ಯಾಂಡ್‌ಟ್ಯಾಬ್?' ಅಂತ ಕೇಳಿ, ಕೊನೆಯ ಪ್ರಶ್ನಾರ್ಥಕ ಚಿಹ್ನೆ ಸಮೇತ. ಕೊನೆಗೆ ಅದನ್ನು ಬದಲಿಸಿದ ಫೈಲ್ ಹೆಸರು ಹೇಳುತ್ತದೆ. ನನ್ನ ಅರ್ಧ ಜಗಳ ಇದರಿಂದಲೇ ಮುಗಿಯುತ್ತವೆ.

---

ಲ್ಯಾಬ್‌ಮೇಷ್ಟ್ರು:

ಇಬ್ಬರಿಗೂ ದೊಡ್ಡ ನಮಸ್ಕಾರ. ವಿಮ್‌ಆರ್‌ಸಿ.ಲೋಕಲ್ ದಾರಿ ಹಿಡಿದೆ. ಬಣ್ಣ ಬಂತು, ಮೌಸ್ ಬಂತು. ಟ್ಯಾಬ್‌ನ್ಯಾನಿ 61 ಫೈಲಲ್ಲಿ 38 ಹೆಸರು ಹೇಳಿತು. ಕೆಟ್ಟಿದ್ದು ಹುಡುಗರ ತಪ್ಪಿನಿಂದಲ್ಲ, ನನ್ನಿಂದ ಅಂತ ಕ್ಲಾಸಲ್ಲೇ ಒಪ್ಪಿಕೊಂಡೆ. ಆ ದಿನ, ಯಾವತ್ತೂ ಪ್ರಶ್ನೆ ಕೇಳದೆ ಇದ್ದವರೂ ಪ್ರಶ್ನೆ ಕೇಳಿದರು.

ಒಂದು ಬಾಕಿ. ನಾನು ಬುದ್ಧಿವಂತಿಕೆ ಮಾಡಿ ಲೋಕಲ್ ಫೈಲಿಗೆ ಎಕ್ಸ್‌ಪ್ಯಾಂಡ್‌ಟ್ಯಾಬ್ ಕೂಡ ಸೇರಿಸಿದ್ದೆ, ಬೇಡ ಅಂದಿದ್ದರೂ. ಇವತ್ತು ಮೇಕ್ (ಕಂಪೈಲ್ ಮಾಡುವ ಆಜ್ಞೆಗಳನ್ನು ಒಂದು ಫೈಲಿಂದ ಓದಿ ಓಡಿಸುವ ಸಾಧನ) ಪಾಠ. ಒಬ್ಬನದ್ದು ಮಾತ್ರ "ಮಿಸ್ಸಿಂಗ್ ಸೆಪರೇಟರ್" ಅನ್ನುತ್ತಿದೆ. ಉಳಿದವರದ್ದು ಸರಿ ಇದೆ. ಅದು ಹೇಗೆ?

ಹಳೇಕೀಬೋರ್ಡ್:

ಅವನ ಫೈಲಿನ ಹೆಸರು ಏನು?

ಲ್ಯಾಬ್‌ಮೇಷ್ಟ್ರು:

ಮೇಕ್.ಟಿಎಕ್ಸ್‌ಟಿ. 'ಮೇಕ್ -ಎಫ್' ಕೊಟ್ಟು ಓಡಿಸುತ್ತಿದ್ದಾನೆ.

ಹಳೇಕೀಬೋರ್ಡ್:

ಸಿಕ್ಕಿತು. ಮೇಕ್‌ಫೈಲ್‌ನಲ್ಲಿ ಆಜ್ಞೆಯ ಸಾಲು ನಿಜವಾದ ಟ್ಯಾಬ್‌ನಿಂದಲೇ ಶುರುವಾಗಬೇಕು. ಫೈಲಿನ ಹೆಸರು ಮೇಕ್‌ಫೈಲ್ ಅಂತಿದ್ದರೆ ವಿಮ್ ಗುರುತಿಸಿ, ನಿಮ್ಮ ಎಕ್ಸ್‌ಪ್ಯಾಂಡ್‌ಟ್ಯಾಬನ್ನು ಆ ಫೈಲಿಗೆ ಮಾತ್ರ ತೆಗೆದುಹಾಕುತ್ತದೆ. ಇವನದ್ದು ಟಿಎಕ್ಸ್‌ಟಿ. ವಿಮ್ ಕಣ್ಣಿಗೆ ಅದು ಸಾದಾ ಪತ್ರ, ಸ್ಪೇಸ್ ಹಾಕಿತು. ಹೆಸರು ಬದಲಿಸಿ, ಇಲ್ಲವೇ 'ಸೆಟ್ ಫೈಲ್‌ಟೈಪ್=ಮೇಕ್' ಕೊಟ್ಟು ಆ ಸಾಲುಗಳನ್ನು ಮತ್ತೆ ಬರೆಯಲಿ. ಒಂದೇ ಟ್ಯಾಬ್ ಬೇಕಿದ್ದರೆ ಇನ್ಸರ್ಟ್‌ನಲ್ಲಿ ಕಂಟ್ರೋಲ್-ವಿ ಒತ್ತಿ ಟ್ಯಾಬ್ ಒತ್ತಿದರೆ ಅಸಲಿ ಟ್ಯಾಬ್ ಬೀಳುತ್ತದೆ.

ಈ ಟ್ಯಾಬ್ ಕಾಟ 1976ರದ್ದು. ಬೆಲ್ ಲ್ಯಾಬ್ಸ್‌ನಲ್ಲಿ ಸ್ಟುವರ್ಟ್ ಫೆಲ್ಡ್‌ಮನ್ ಮೇಕ್ ಬರೆದಾಗ ಹಾಗೆ ಇಟ್ಟರು. ತಪ್ಪು ಅಂತ ಬೇಗ ಗೊತ್ತಾಯಿತಂತೆ. ಆದರೆ ಆಗಲೇ ಹತ್ತು ಹನ್ನೆರಡು ಜನ ಬಳಸುತ್ತಿದ್ದರು, ಅವರಿಗೆ ತೊಂದರೆ ಆಗಬಾರದು ಅಂತ ಬಿಟ್ಟರು. ಆ ಹನ್ನೆರಡು ಜನರ ಸಲುವಾಗಿ ನಿಮ್ಮ ಹುಡುಗ ಇವತ್ತು ಅರ್ಧ ಗಂಟೆ ಒದ್ದಾಡಿದ.

---

ಲ್ಯಾಬ್‌ಮೇಷ್ಟ್ರು:

ಹೆಸರು ಬದಲಿಸಿ, ಆ ಸಾಲುಗಳನ್ನು ಮತ್ತೆ ಬರೆಸಿದೆ. ಓಡಿತು. ಎಕ್ಸ್‌ಪ್ಯಾಂಡ್‌ಟ್ಯಾಬ್ ಸಾಲೂ ತೆಗೆದೆ, ಇನ್ನು ಬುದ್ಧಿವಂತಿಕೆ ಸಾಕು.

ಹೋಗುವ ಮುಂಚೆ ಒಂದು ಕನ್ನಡದ ಪ್ರಶ್ನೆ. ಒಬ್ಬ ಹುಡುಗ ಪೈಥಾನ್‌ನಲ್ಲಿ ವೇರಿಯಬಲ್ ಹೆಸರುಗಳನ್ನು ಕನ್ನಡದಲ್ಲಿ ಇಟ್ಟಿದ್ದಾನೆ. 'ಹೆಸರು' ಓಡುತ್ತದೆ, 'ವಯಸ್ಸು' ಓಡುತ್ತದೆ. 'ಮಾರ್ಕ್ಸ್‌ಗಳು' ಅಂದರೆ ಮಾತ್ರ ಎರರ್. ಯು+200ಸಿ ಅನ್ನುವ ಕಾಣದ ಅಕ್ಷರ ಇದೆಯಂತೆ. ವಿಮ್‌ನಲ್ಲಿ ನೋಡಿದರೆ ಆ ಪದದ ಮಧ್ಯೆ ಕೋನದ ಆವರಣದಲ್ಲಿ 200ಸಿ ಅಂತ ನೀಲಿ ಬಣ್ಣದಲ್ಲಿ ಕೂತಿದೆ. ಇದೂ ನನ್ನ ಸೆಟ್ಟಿಂಗ್ ಕೆಲಸವಾ?

ಚುಕ್ಕಿಗೆರೆ:

ಇಲ್ಲ ಮೇಷ್ಟ್ರೇ, ಈ ಸಲ ನೀವು ನಿರಪರಾಧಿ. ಅದು ಒತ್ತಕ್ಷರ ತಡೆಯುವ ಅಕ್ಷರ. 'ಕ್ಸ್' ಆದ ಮೇಲೆ 'ಗ' ಅದರ ಕೆಳಗೆ ಒತ್ತಾಗಿ ಇಳಿಯಬಾರದು, ಪಕ್ಕದಲ್ಲೇ ನಿಲ್ಲಬೇಕು ಅಂತ ಮಧ್ಯೆ ಅದನ್ನು ಹಾಕುತ್ತೇವೆ. ಬೇರೆ ಕಡೆ ಕಾಣುವುದಿಲ್ಲ, ವಿಮ್ ಮುಚ್ಚಿಡದೆ ತೋರಿಸುತ್ತದೆ. ಡೆಬಿಯನ್ 12ರಲ್ಲಿ ಇರುವುದು ಪೈಥಾನ್ 3.11. ಅದು ವೇರಿಯಬಲ್ ಹೆಸರಿನಲ್ಲಿ ಕನ್ನಡ ಅಕ್ಷರ, ಕಾಗುಣಿತ, ಒತ್ತು ಎಲ್ಲ ಒಪ್ಪುತ್ತದೆ, ಇದೊಂದನ್ನು ಒಪ್ಪುವುದಿಲ್ಲ.

ಹುಡುಕಬೇಕಾದರೆ ವಿಮ್‌ನಲ್ಲಿ ಸ್ಲ್ಯಾಶ್ ಒತ್ತಿ, ಹಿಂದಿನ ಸ್ಲ್ಯಾಶ್, ಶೇಕಡಾ ಚಿಹ್ನೆ, ಯು200ಸಿ. ಆದರೆ ಫೈಲ್ ಪೂರ್ತಿ ಅಳಿಸಬೇಡಿ. ಪ್ರಿಂಟ್ ಮಾಡುವ ಕನ್ನಡ ವಾಕ್ಯಗಳಲ್ಲಿ 'ಸಾಫ್ಟ್‌ವೇರ್' ಹೋಗಿ 'ಸಾಫ್ಟ್ವೇರ್' ಆಗುತ್ತದೆ. ವೇರಿಯಬಲ್ ಹೆಸರಷ್ಟೇ ಬದಲಿಸಲಿ.

ಲ್ಯಾಬ್‌ಮೇಷ್ಟ್ರು:

'ಅಂಕಗಳು' ಅಂತ ಬದಲಿಸಿದ, ಓಡಿತು. ಇಂಗ್ಲಿಷ್ ಪದ ಬಿಟ್ಟು ಕನ್ನಡ ಪದ ಬಳಸು ಅಂತ ಪೈಥಾನೇ ಹೇಳಿದ ಹಾಗಾಯಿತು.

ಅದನ್ನು ನೋಡಿ ಪಕ್ಕದವನು ಪ್ರಿಂಟ್ ಬದಲು 'ಮುದ್ರಿಸು' ಅಂತ ಬರೆಯಬಹುದಾ ಸರ್ ಅಂದ. ಮೊದಲ ಸಾಲಲ್ಲಿ 'ಮುದ್ರಿಸು = ಪ್ರಿಂಟ್' ಹಾಕಿ ನೋಡು, ಪ್ರಿಂಟ್ ಮಾತ್ರ ಇಂಗ್ಲಿಷಲ್ಲಿ ಇರಲಿ ಅಂದೆ. ಅದೂ ಓಡಿತು. ಈಗ ಅವನು 'ಇಫ್' ಬದಲು 'ಆದರೆ' ಮಾಡೋಕೆ ಕೂತಿದ್ದಾನೆ. ಅದು ಆಗಲ್ಲ ಅಂತ ನಾನಿನ್ನೂ ಹೇಳಿಲ್ಲ. ಬೆಲ್ ಹೊಡೆಯುವ ತನಕ ಒದ್ದಾಡಲಿ.